ಅಜ್ಜಿಗೆ ಅರಳು ಮರಳಲ್ಲ, ಸನ್ನಿ

ರಾತ್ರಿ 2 ಗಂಟೆ. ಏಳನೇ ಬೆಡ್ಡಿನ ಅಜ್ಜಿ ಮಂಚದ ಕಂಬಿ ಹಿಡಿದು ಕಾಲು ಕೆಳಗೆ ಬಿಡುತ್ತಿದ್ದರು. "ಬಿಡ್ರೇ ನನ್ನ, ಹಾಲು ಕರೀಬೇಕು, ಕರು ಕೂಗ್ತಾ ಅದೆ." ತೊಡೆಮೂಳೆ ಮುರಿದು ಆಪರೇಷನ್ ಆದ ಮೂರನೇ ರಾತ್ರಿ ಅದು. ಡ್ರಿಪ್ ಸೂಜಿ ಆಗಲೇ ಕಿತ್ತಿದ್ದರು, ಹೊದಿಕೆ ತುಂಬ ರಕ್ತದ ಕಲೆ. ಮಗ ಕೈಮುಗಿದರು. "ಸಿಸ್ಟರ್, ಏನಾದ್ರೂ ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಿ. ವಯಸ್ಸಾಯ್ತಲ್ಲ, ಅರಳು ಮರಳು."

ಕೆಲಸಕ್ಕೆ ಸೇರಿದ ಹೊಸತರಲ್ಲಾಗಿದ್ದರೆ ಹಾಗೇ ಮಾಡುತ್ತಿದ್ದೆನೇನೋ. ಆಗ ನಾನಿದ್ದ ಆಸ್ಪತ್ರೆಯಲ್ಲಿ ಇಂಥವರ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚಕ್ಕೆ ಕಟ್ಟುವುದು ವಾಡಿಕೆ. ನಾನೂ ಒಬ್ಬ ತಾತನ ಕೈ ಕಟ್ಟಿದ್ದೆ. ಬೆಳಗ್ಗೆ ಬಿಚ್ಚಿದಾಗ ಮಣಿಕಟ್ಟಿನ ಸುತ್ತ ಚರ್ಮ ಸುಲಿದಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಗನನ್ನು ಮೊದಲು ಕೇಳಿದ್ದು ಇಷ್ಟೇ: "ಇಲ್ಲಿಗೆ ಬರೋ ಮುಂಚೆ ಹೀಗಿದ್ರಾ ಅಣ್ಣಾ?"

"ಇಲ್ಲ ಸಿಸ್ಟರ್, ಡೈರಿ ಹಾಲಿನ ಲೆಕ್ಕ ಪೂರ್ತಿ ಅವ್ವಂದೇ."

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷಗಳ ಮೇಲೆ ನಿಧಾನವಾಗಿ ಆವರಿಸುತ್ತದೆ. ಎರಡು ದಿನದಲ್ಲಿ ಧುತ್ತೆಂದು ಬಂದು, ಗಳಿಗೆಗೊಂದು ರೀತಿ ಆಡಿಸುವುದು ಸನ್ನಿ. ನಾವು ಡೆಲಿರಿಯಂ ಅನ್ನುತ್ತೇವೆ. ಗಮನ ನಿಲ್ಲುತ್ತದೆಯೇ ಎಂದು ನೋಡಲು ವಾರಗಳ ಹೆಸರನ್ನು ಹಿಂದಿನಿಂದ ಹೇಳಿಸುತ್ತೇನೆ. ಅಜ್ಜಿ "ಶನಿವಾರ, ಶುಕ್ರವಾರ" ಎಂದವರು ಮತ್ತೆ ಕರುವಿನ ಹತ್ತಿರ ಹೋದರು.

ತಲೆ ಕೆಟ್ಟಂತೆ ಕಂಡರೂ ಸನ್ನಿಯ ಬೇರು ಹೆಚ್ಚಿನ ಸಲ ಮೈಯಲ್ಲೇ ಬೇರೆಲ್ಲೋ ಇರುತ್ತದೆ. ಜ್ವರ, ನಾಡಿ, ಬಿಪಿ, ಆಕ್ಸಿಜನ್, ಸಕ್ಕರೆ ನೋಡಿದೆ; ಎಲ್ಲ ಸರಿ. ಚಾರ್ಟ್ ತೆಗೆದೆ. ಮೂತ್ರದ ಪೈಪನ್ನು ಬೆಳಗ್ಗೆ 11ಕ್ಕೆ ತೆಗೆದಿದ್ದರು, ಆಮೇಲೆ ಆ ಕಾಲಂ ಖಾಲಿ. ಬಟ್ಟೆ ಒದ್ದೆಯಾಗಿದ್ದರಿಂದ ಹೋಗಿದೆ ಅಂದುಕೊಂಡಿದ್ದರು. ಹೊಕ್ಕುಳ ಕೆಳಗೆ ಕೈಯಿಟ್ಟರೆ ತೆಂಗಿನಕಾಯಿ ಇಟ್ಟಂತೆ ಗಟ್ಟಿ. ಮೂತ್ರಚೀಲ ತುಂಬಿ ಸೋರಿದ್ದು ಅದು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ಪೈಪ್ ಹಾಕಿದೆ: 900 ಮಿ.ಲೀ. ಸಂಜೆ ತುರಿಕೆಗೆಂದು ಫೆನಿರಮೈನ್ ಇಂಜೆಕ್ಷನ್ ಬೇರೆ ಹೋಗಿತ್ತು. ವಯಸ್ಸಾದವರಲ್ಲಿ ಅದು ಮೂತ್ರವನ್ನೂ ಕಟ್ಟಬಲ್ಲದು, ಸನ್ನಿಯನ್ನೂ ತರಬಲ್ಲದು. ಡಾಕ್ಟರ್ ಅದನ್ನು ನಿಲ್ಲಿಸಿದರು.

ಕನ್ನಡಕ ಬ್ಯಾಗಿನಲ್ಲಿತ್ತು. ತೆಗೆದು ಹಾಕಿದೆ. ಎದುರಿಗೆ ಕೂತು, "ಕರು ಯಾವ ಬಣ್ಣ ಅಜ್ಜಿ?" ಅಂದೆ. "ಕೆಂದಗೈತೆ. ಹಣೆ ಮೇಲೆ ಬಿಳಿ ಚುಕ್ಕೆ." ಕರು ಇಲ್ಲಿಲ್ಲ ಎಂದು ವಾದಕ್ಕೆ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಿಧಾನಕ್ಕೆ ಹೇಳಿದೆ: "ಇದು ಆಸ್ಪತ್ರೆ. ಈಗ ರಾತ್ರಿ. ಮಗ ಪಕ್ಕದಲ್ಲೇ ಇದ್ದಾರೆ. ಹಾಲು ಸೊಸೆ ಕರೀತಾರೆ." ಮುಕ್ಕಾಲು ಗಂಟೆಯಲ್ಲಿ ನಿದ್ದೆ ಬಂತು. ಒಂದೇ ರಾತ್ರಿಗೆ ವಾಸಿಯಾಯಿತು ಅನ್ನಲಾರೆ. ಇನ್ನೆರಡು ರಾತ್ರಿ ಕರು ಬರುತ್ತಲೇ ಇತ್ತು.

ಆ ಎರಡು ರಾತ್ರಿ ನಾನು ಜಗಳ ಮಾಡಿದ್ದು ವಾರ್ಡಿನ ಗಡಿಯಾರದ ಜೊತೆ. ನಡುರಾತ್ರಿ ನಿದ್ದೆ ಕೆಡದಿರಲಿ ಎಂದು 8, 4, 12ಕ್ಕೆ ಇದ್ದ ಆಂಟಿಬಯೋಟಿಕ್ ಅನ್ನು ಡಾಕ್ಟರನ್ನು ಕೇಳಿ 6, 2, 10ಕ್ಕೆ ಬದಲಿಸಿದೆ. ಬೆಳಗಿನ ಜಾವ 4ಕ್ಕೆ ಮೈ ಒರೆಸುವುದು ನಿಂತಿತು. ತಲೆ ಮೇಲಿನ ಟ್ಯೂಬ್‌ಲೈಟ್ ಆರಿಸಿ ಬಾಗಿಲ ಹತ್ತಿರದ್ದೊಂದು ಉಳಿಸಿದೆ. ಹಗಲು ಕಿಟಕಿ ಪಕ್ಕ ಕುರ್ಚಿಯಲ್ಲಿ ಕೂರಿಸಿ, ವಾಕರ್ ಹಿಡಿಸಿ ನಡೆಸಿದೆವು. ಸಂಜೆ ಟೀ ಇಲ್ಲ. ನಿದ್ದೆ ಮಾತ್ರೆ ಬೇಕು ಎಂದು ಮನೆಯವರು ಕೇಳುತ್ತಲೇ ಇದ್ದರು. ಅಲ್ಪ್ರಜೋಲಂನಂಥ ಮಾತ್ರೆ ವಯಸ್ಸಾದವರಲ್ಲಿ ಗೊಂದಲ ಹೆಚ್ಚಿಸುತ್ತದೆ, ಬೀಳಿಸುತ್ತದೆ. ಆದರೆ ವರ್ಷಗಟ್ಟಲೆ ನುಂಗುತ್ತಿದ್ದವರಲ್ಲಿ ತಟ್ಟನೆ ನಿಲ್ಲಿಸಿದರೂ ಅಪಾಯ. ಅದಕ್ಕೇ ಅಂಥ ಮಾತ್ರೆ ನುಂಗುತ್ತಿದ್ದರೇ ಎಂದು ಅಡ್ಮಿಷನ್ ದಿನವೇ ನಾನು ಕೇಳಿ ಬರೆದುಕೊಳ್ಳುತ್ತೇನೆ.

ಇನ್ನೊಂದು ಮಾತು. ಕೂಗಾಡುವ ಸನ್ನಿಗಿಂತ ಸುಮ್ಮನೆ ಮಲಗುವ ಸನ್ನಿಗೆ ನಾನು ಹೆಚ್ಚು ಹೆದರುತ್ತೇನೆ. ಊಟ ಬೇಡ, ಮಾತಿಲ್ಲ, ಹಗಲೆಲ್ಲ ಮಂಪರು. ಅಂಥವರನ್ನು "ತೊಂದರೆ ಕೊಡದ ಪೇಷೆಂಟ್" ಎಂದು ಯಾರೂ ಹತ್ತಿರ ಹೋಗುವುದಿಲ್ಲ.

ನಾಲ್ಕನೇ ರಾತ್ರಿ ಮಗನಿಗೇ ಎದೆ ಬಿಗಿದು ಕೈ ನಡುಗತೊಡಗಿತು. ಆತಂಕವೇ ಇರಬೇಕು ಎಂದು ಮೊದಲೇ ತೀರ್ಮಾನಿಸಬಾರದು. ಬಿಪಿ, ಇಸಿಜಿ ಆದಮೇಲೆಯೇ ಆ ಮಾತು. ಎರಡೂ ಸರಿಯಿದ್ದವು. "ಧೈರ್ಯವಾಗಿರಿ" ಎಂದರೆ ಆ ಹೊತ್ತಲ್ಲಿ ಕಿವಿಗೆ ಬೀಳುವುದಿಲ್ಲ. ಪಕ್ಕದಲ್ಲಿ ಕೂತು, ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ ಎಂದು ನಾನೂ ಜೊತೆಗೆ ಉಸಿರಾಡಿದೆ. ಮೂರು ರಾತ್ರಿ ಅವರು ಕಣ್ಣು ಮುಚ್ಚಿರಲಿಲ್ಲ. ಮರುದಿನ ತಂಗಿಯನ್ನು ಕರೆಸಿ ಅವರನ್ನು ಊರಿಗೆ ಕಳಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ, ಕನ್ನಡದಲ್ಲೇ ಮಾತಾಡಬಹುದು.

ಡಿಸ್ಚಾರ್ಜ್ ದಿನ ಚೀಟಿಯ ಹಿಂದೆ ಬರೆದೆ: ಮತ್ತೆ ಹೀಗಾದರೆ ಜ್ವರ, ಮೂತ್ರ, ಮಲ, ಹೊಸ ಮಾತ್ರೆ ನೋಡಿ, ತಕ್ಷಣ ಕರೆತನ್ನಿ. ಮಗ ಓದಿಕೊಂಡು ಕೇಳಿದರು, "ಡೈರಿ ಲೆಕ್ಕ ಮತ್ತೆ ಅವ್ವಂಗೇ ಕೊಡಬಹುದಾ?"

"ಕೊಡಿ. ಒಂದು ತಿಂಗಳು ನೀವೂ ಜೊತೆಗೆ ಕೂತು ಬರೀರಿ" ಅಂದೆ.