ವೈರ್‌ಲೆಸ್ ಥರ್ಮಾಮೀಟರ್: ಕುದಿಯುವ ನೀರಿನಲ್ಲಿ 98 ತೋರಿಸಿದರೆ ಸರಿ
ಮಾಂಸವನ್ನು ಕೆಂಡದಲ್ಲೋ ಹೊಗೆಯಲ್ಲೋ ಬೇಯಿಸಲು ವೈರ್‌ಲೆಸ್ ಥರ್ಮಾಮೀಟರ್ (ಮಾಂಸಕ್ಕೆ ಚುಚ್ಚಿದ ಕಡ್ಡಿಯಿಂದ ಶಾಖದ ಅಳತೆಯನ್ನು ದೂರದ ಫೋನಿಗೋ ಪರದೆಗೋ ಕಳಿಸುವ ಸಾಧನ) ಕೊಂಡವರು, ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ಅದರ ಕಡ್ಡಿಯ ತುದಿಯನ್ನು ಪಾತ್ರೆಯ ತಳಕ್ಕೆ ತಾಗದಂತೆ ಕುದಿಯುವ ನೀರಿನಲ್ಲಿ ಹಿಡಿದು ನೋಡಬೇಕು. ಶಿವಮೊಗ್ಗದಲ್ಲಿ ಅದು 100 ಅಲ್ಲ, ಸುಮಾರು 98 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಸರಿಯಾಗಿದೆ ಎಂದರ್ಥ. ಊರು ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಅಷ್ಟಕ್ಕೇ ಕುದಿಯುತ್ತದೆ. ಕೋಳಿಯ ಒಳಭಾಗ 74 ಡಿಗ್ರಿ ಮುಟ್ಟಲೇಬೇಕಾದ್ದರಿಂದ, ನಾಲ್ಕೈದು ಡಿಗ್ರಿ ಹೆಚ್ಚು ತೋರಿಸುವ ಕಡ್ಡಿಯನ್ನು ಎಷ್ಟೇ ಅಗ್ಗವಾಗಿದ್ದರೂ ಇಟ್ಟುಕೊಳ್ಳಬಾರದು. ಆದರೆ ಸಿಗ್ನಲ್ ಎಷ್ಟು ದೂರ ಬರುತ್ತದೆಂಬುದು ಈ ಪರೀಕ್ಷೆಯಿಂದ ತಿಳಿಯದು: ಡಬ್ಬದ ಮೇಲೆ ಬರೆದಿರುವ ದೂರ ಬಯಲಿನ ಲೆಕ್ಕ, ಹಿತ್ತಲ ಒಲೆಗೂ ಜಗಲಿಗೂ ನಡುವೆ ದಪ್ಪ ಜಂಬಿಟ್ಟಿಗೆ ಗೋಡೆಯಿದ್ದರೆ ಬ್ಲೂಟೂತ್ ಅಲ್ಲಿಯವರೆಗೆ ತಲುಪದಿರಬಹುದು. ಮಳೆಗಾಲದಲ್ಲಿ ಕರೆಂಟ್ ಹೋದಾಗ ವೈಫೈ ಮಾದರಿಯೂ ಕೈಕೊಡುವುದರಿಂದ, ತನ್ನದೇ ಪರದೆಯುಳ್ಳದ್ದನ್ನು ಆರಿಸುವುದು ಲೇಸು.