ಹುಳು ಸಾಯ್ತಿಲ್ಲ ಅಂದ್ರೆ ಪ್ಲೇಟಿನ ಅಂಚು ನೋಡಿ

ಆರ್‌ಎನ್‌ಎಐ ಸ್ಕ್ರೀನ್‌ನಲ್ಲಿ (ಒಂದೊಂದೇ ಜೀನ್ ಅಡಗಿಸಿ ಪರಿಣಾಮ ನೋಡುವ ಪ್ರಯೋಗ) ಸಿ. ಎಲೆಗನ್ಸ್ ಎಂಬ ಪುಟ್ಟ ದುಂಡು ಹುಳುಗಳನ್ನು ಸ್ಯೂಡೊಮೊನಾಸ್ ಪಿಎ14 ಎಂಬ ರೋಗಕಾರಕ ಬ್ಯಾಕ್ಟೀರಿಯಾ ಮೇಲೆ ಬಿಟ್ಟರೆ, ಹೆಚ್ಚುಕಡಿಮೆ ಯಾವ ಜೀನ್ ಅಡಗಿಸಿದರೂ ಸೋಂಕು ತಡೆದುಕೊಂಡಂತೆ ಕಾಣುತ್ತಿತ್ತು. ಮತ್ತೆ ಮಾಡಿದರೆ ಫಲಿತಾಂಶ ಬೇರೆ.

ಆರ್‌ಎನ್‌ಎಐ ಶುರುಮಾಡಿಸುವ ರಾಸಾಯನಿಕ ಐಪಿಟಿಜಿ ಹೆಚ್ಚಿಸಿದೆ. ಆಂಟಿಬಯೋಟಿಕ್ ಕಾರ್ಬೆನಿಸಿಲಿನ್ ಹೊಸದು ಹಾಕಿದೆ. ಪಿಎ14 ಅನ್ನು ಫ್ರೀಜರ್ ಸ್ಟಾಕ್‌ನಿಂದ ಮತ್ತೆ ಬೆಳೆಸಿದೆ. ಏನೂ ಬದಲಾಗಲಿಲ್ಲ. ರೋಗನಿರೋಧಕತೆಗೆ ಬೇಕಾದ ಪಿಎಂಕೆ-1 ಜೀನ್ ಅಡಗಿಸಿದ ಹುಳುಗಳು ಮಾತ್ರ ಬೇಗ ಸಾಯುತ್ತಿದ್ದವು. ಅಂದರೆ ಆರ್‌ಎನ್‌ಎಐ ಸರಿಯಾಗೇ ಇತ್ತು.

ಮೈಕ್ರೋಸ್ಕೋಪ್‌ನಲ್ಲಿ ಅಂಚು ನೋಡಿದಾಗ ಗೊತ್ತಾಯಿತು. ಬ್ಯಾಕ್ಟೀರಿಯಾ ಪ್ಲೇಟಿನ ನಡುವೆ, ಹುಳುಗಳು ಅಂಚಿನ ಬರಿ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲೆ. ಇದು ರೋಗನಿರೋಧಕತೆ ಅಲ್ಲ, ಸುಮ್ನೆ ದೂರ ಸರಿಯೋದು.

ಸರಿಹೋಗಿದ್ದು ಹೀಗೆ: 3.5 ಸೆಂ.ಮೀ. ಪ್ಲೇಟ್, 0.35% ಪೆಪ್ಟೋನ್ (ಬ್ಯಾಕ್ಟೀರಿಯಾಕ್ಕೆ ಪ್ರೋಟೀನ್ ಆಹಾರ) ಇರುವ ಅಗರ್. ರಾತ್ರಿಯಿಡೀ ಬೆಳೆಸಿದ ಪಿಎ14 ಅನ್ನು ಪ್ಲೇಟಿನ ಗೋಡೆ ಮುಟ್ಟುವವರೆಗೂ ಹರಡಿ, ಬೆರಳಗಲವೂ ಖಾಲಿ ಬಿಡಬೇಡಿ. 37 ಡಿಗ್ರಿಯಲ್ಲಿ 24 ಗಂಟೆ, ಆಮೇಲೆ 25 ಡಿಗ್ರಿಯಲ್ಲಿ 24 ಗಂಟೆ. ಎಲ್4 ಹಂತದ (ವಯಸ್ಕವಾಗುವ ಮುಂಚಿನ ಕೊನೆಯ ಮರಿ ಹಂತ) ಹುಳುಗಳನ್ನಷ್ಟೇ ಬಿಡಿ, ಮುಂದೆ ಎಲ್ಲವೂ 25 ಡಿಗ್ರಿಯಲ್ಲೇ. ಪ್ಲಾಟಿನಂ ತಂತಿಯಿಂದ ಮುಟ್ಟಿದರೂ ಅಲುಗದಿದ್ದರೆ ಸತ್ತಂತೆ. ಗೋಡೆ ಹತ್ತಿ ಒಣಗಿದವನ್ನು ಸಾವಿಗೆ ಸೇರಿಸದೆ ಎಣಿಕೆಯಿಂದಲೇ ತೆಗೆಯಿರಿ. ಪೂರ್ತಿ ಹರಡಿದ ಪ್ಲೇಟಿನಲ್ಲಿ ಹತ್ತುವವು ಸ್ವಲ್ಪ ಜಾಸ್ತಿ, ಹಾಗಾಗಿ ಶುರುವಿಗೇ ಹೆಚ್ಚು ಹುಳು ಹಾಕಿ.