ಹಿಮದ ಹಾದಿಗೆ ಹಿಂಚಕ್ರದ ಕಾರು: ಮೈಸೂರಿನಲ್ಲೇ ಮುಗಿಸಬೇಕಾದ ಸಿದ್ಧತೆ

ಡಿಸೆಂಬರ್ ರಜೆ ಬಂತೆಂದರೆ ಸ್ವಂತ ಕಾರಿನಲ್ಲೇ ಮನಾಲಿಗೆ ಹೋಗಿಬರುವ ಆಸೆ ಮೈಸೂರಿನ ಹಲವರಲ್ಲಿ ಮೂಡುತ್ತದೆ. ಕಾರು ಬಿಎಂಡಬ್ಲ್ಯು 3 ಸೀರೀಸ್, ಮರ್ಸಿಡಿಸ್ ಸಿ-ಕ್ಲಾಸ್ ಅಥವಾ ಇ-ಕ್ಲಾಸ್ ಆಗಿದ್ದರೆ ಹೊರಡುವ ಮೊದಲು ಒಂದು ವಿಚಾರ ಖಚಿತ ಮಾಡಿಕೊಳ್ಳಿ. ನಮ್ಮಲ್ಲಿ ಓಡಾಡುವ ಈ ಮಾದರಿಗಳಲ್ಲಿ ಹೆಚ್ಚಿನವು ರಿಯರ್ ವೀಲ್ ಡ್ರೈವ್. ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ.

ಸಾಮಾನ್ಯ ಸಣ್ಣ ಕಾರಿನಲ್ಲಿ ತೂಕದ ಸುಮಾರು ಶೇ 60 ಭಾಗ ಎಳೆಯುವ ಮುಂಚಕ್ರಗಳ ಮೇಲೇ ಕೂತಿರುತ್ತದೆ. ಹಿಂಚಕ್ರದ ಕಾರಿನಲ್ಲಿ ತಳ್ಳುವ ಚಕ್ರಗಳ ಮೇಲೆ ಬೀಳುವುದು ಹೆಚ್ಚೆಂದರೆ ಅರ್ಧ. ಒಣ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಭಾರ ಹಿಂದಕ್ಕೆ ವಾಲಿ ಹಿಡಿತ ಬಿಗಿಯಾಗುತ್ತದೆ. ಹಿಮದ ಮೇಲೆ ಅಷ್ಟು ಜೋರಾಗಿ ಹೊರಡಲು ಆಗುವುದೇ ಇಲ್ಲ, ಹಾಗಾಗಿ ಆ ಅನುಕೂಲವೂ ಸಿಗುವುದಿಲ್ಲ. ಮೇಲಾಗಿ 3 ಸೀರೀಸ್‌ನ ಡೀಸೆಲ್ ಮಾದರಿಯಾದ 320ಡಿಯ ಎಂಜಿನ್ 1,750 ಆರ್‌ಪಿಎಂಗೇ 400 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುತ್ತದೆ. ಹಿಮದ ಮಟ್ಟಿಗೆ ಅದು ಅತಿಯಾಯಿತು. ಚಕ್ರ ಗಿರ‍್ರನೆ ತಿರುಗಿ, ಕಾರಿನ ಹಿಂಭಾಗ ಪಕ್ಕಕ್ಕೆ ಸರಿಯುತ್ತದೆ. ಜನವರಿಯಲ್ಲಿ ಮಂಡ್ಯ ಸೀಮೆಯ ರಸ್ತೆಗಳಲ್ಲಿ ಒಕ್ಕಣೆಗೆ ಹರಡಿದ ಹುರುಳಿ ಸೊಪ್ಪಿನ ಮೇಲೆ ಕಾರು ಹತ್ತಿಸಿದವರಿಗೆ ಆ ಜಾರುವಿಕೆಯ ಅಂದಾಜು ಇರುತ್ತದೆ. (ಆ ಸೊಪ್ಪು ಕಾರಿನ ಅಡಿಯ ಶಾಫ್ಟಿಗೆ ಸುತ್ತಿಕೊಂಡು, ಬಿಸಿ ಸೈಲೆನ್ಸರ್ ತಾಗಿ ಬೆಂಕಿ ಹತ್ತುವ ಅಪಾಯವಿದೆ. ಅದರ ಮೇಲೆ ಓಡಿಸದೆ ಇಳಿದು ಸರಿಸುವುದೇ ಒಳ್ಳೆಯದು.)

ಮೊದಲು ಟಯರ್

ಬೇರೆ ಯಾವ ಖರ್ಚು ಉಳಿಸಿದರೂ ಇಲ್ಲಿ ಉಳಿಸಬೇಡಿ. ಕಾರಿನ ಜೊತೆ ಬಂದಿರುವ ಟಯರ್‌ಗಳು ಬೇಸಿಗೆ ಟಯರ್‌ಗಳು. ಉಷ್ಣಾಂಶ 7 ಡಿಗ್ರಿಗಿಂತ ಕೆಳಗಿಳಿದಂತೆ ಅವುಗಳ ರಬ್ಬರ್ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ರಸ್ತೆಯಲ್ಲಿ ಹಿಮವೇ ಇಲ್ಲದಿದ್ದರೂ ಈ ತೊಂದರೆ ತಪ್ಪಿದ್ದಲ್ಲ. ಚಳಿಗಾಲದ ಟಯರ್‌ನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮಹರಳಿನ ಗುರುತು ಇರುತ್ತದೆ. ಬರೀ ‘ಎಂ+ಎಸ್’ (ಮಡ್ ಅಂಡ್ ಸ್ನೋ) ಎಂದು ಬರೆದಿದ್ದರೆ ಸಾಲದು. ಜರ್ಮನಿಯಲ್ಲಿ 2024ರ ಅಕ್ಟೋಬರ್ 1ರಿಂದ ಬೆಟ್ಟದ ಗುರುತಿಲ್ಲದ ಟಯರನ್ನು ಚಳಿಗಾಲದ ಟಯರ್ ಎಂದು ಒಪ್ಪುವುದೇ ಇಲ್ಲ.

ನಮ್ಮ ಟಯರ್ ಅಂಗಡಿಗಳಲ್ಲಿ ಇವು ಸಿದ್ಧವಾಗಿ ಸಿಗುವುದು ಕಷ್ಟ. ಹೊರಡುವುದಕ್ಕೆ ಸಾಕಷ್ಟು ಮೊದಲೇ ಹೇಳಿ ತರಿಸಬೇಕು. ನಾಲ್ಕೂ ಚಕ್ರಕ್ಕೆ ಹಾಕಿಸಿ. ತಳ್ಳುವುದು ಹಿಂಚಕ್ರ ತಾನೇ ಎಂದು ಹಿಂದೆ ಮಾತ್ರ ಹಾಕಿಸಿದರೆ ಕಾರು ಹೊರಡುತ್ತದೆ, ಆದರೆ ತಿರುವಿನಲ್ಲಿ ತಿರುಗುವುದಿಲ್ಲ, ಬ್ರೇಕಿಗೂ ನಿಲ್ಲುವುದಿಲ್ಲ. ಕೆಲವು ಮಾದರಿಗಳಲ್ಲಿ ಮುಂದೆ 225, ಹಿಂದೆ 255 ಮಿ.ಮೀ. ಅಗಲದ ಟಯರ್ ಇರುತ್ತದೆ. ಅಗಲ ಹೆಚ್ಚಿದಷ್ಟೂ ಟಯರ್ ಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಹಿಮವನ್ನು ಸೀಳಿ ಕೆಳಗಿನ ನೆಲ ಹಿಡಿಯುತ್ತದೆ. ಕಂಪನಿಯ ಕೈಪಿಡಿ ಒಪ್ಪುವ ಅತಿ ಚಿಕ್ಕ ರಿಮ್, ಅತಿ ಕಿರಿದಾದ ಟಯರನ್ನು ನಾಲ್ಕಕ್ಕೂ ಒಂದೇ ಅಳತೆಯಲ್ಲಿ ಆರಿಸಿ. ಟಯರಿನ ಬಟನ್ ಸವೆದು ಆಳ 4 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಹಿಮಕ್ಕೆ ಅದು ಸತ್ತ ಟಯರೇ.

ಗಾಳಿಯ ಒತ್ತಡದ ಲೆಕ್ಕ ಸ್ವಲ್ಪ ವಿಚಿತ್ರ. ಪ್ರತಿ 5–6 ಡಿಗ್ರಿ ಚಳಿಗೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಮೈಸೂರಿನ 28 ಡಿಗ್ರಿಯಲ್ಲಿ ತುಂಬಿಸಿದ ಗಾಳಿ ಮೈನಸ್ 4ಕ್ಕೆ ಹೋದಾಗ 6 ಪಿಎಸ್‌ಐನಷ್ಟು ಕಡಿಮೆ. ಆದರೆ ಮೈಸೂರು ಇರುವುದು ಸುಮಾರು 760 ಮೀಟರ್ ಎತ್ತರದಲ್ಲಿ, ಮನಾಲಿಯಿಂದ ಮುಂದಿನ ಅಟಲ್ ಸುರಂಗ ಇರುವುದು ಸುಮಾರು 3,100 ಮೀಟರ್‌ನಲ್ಲಿ. ಅಲ್ಲಿ ಹೊರಗಿನ ಗಾಳಿಯೇ ತೆಳುವಾಗಿರುವುದರಿಂದ ಗೇಜು 3 ಪಿಎಸ್‌ಐನಷ್ಟು ಹೆಚ್ಚು ತೋರಿಸುತ್ತದೆ. ಆದ್ದರಿಂದ ಇಲ್ಲಿಂದಲೇ ಅಂದಾಜಿಗೆ ಹೆಚ್ಚು ತುಂಬಿಸಿಕೊಂಡು ಹೋಗಬೇಡಿ. ಗೇಜು, ಸಣ್ಣ ಪಂಪು ಜೊತೆಗಿರಲಿ. ಬೆಳಿಗ್ಗೆ ಕಾರು ಓಡಿಸುವ ಮುನ್ನ ಅಳೆದು, ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿ ಇರುವಷ್ಟಕ್ಕೆ ತನ್ನಿ.

ಬಾನೆಟ್ ಕೆಳಗೆ

ಕೂಲಂಟ್ ಇಳಿದಾಗ ಬರೀ ನೀರು ಸುರಿಯುವ ರೂಢಿ ನಮ್ಮಲ್ಲಿದೆ. ಮೈಸೂರಿನಲ್ಲಿ ಅದು ನಡೆದುಹೋಗುತ್ತದೆ. ಹಿಮದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ರೇಡಿಯೇಟರನ್ನೋ ಎಂಜಿನ್ ಬ್ಲಾಕನ್ನೋ ಸೀಳಬಹುದು. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇದ್ದರೆ ಮೈನಸ್ 35 ಡಿಗ್ರಿಯವರೆಗೂ ಭಯವಿಲ್ಲ. ವರ್ಕ್‌ಶಾಪಿನಲ್ಲಿ ಅಳೆಸಿ, ಅನುಮಾನ ಬಂದರೆ ಪೂರ್ತಿ ಬದಲಿಸಿ. ಗಾಜು ತೊಳೆಯುವ ನೀರನ್ನೂ ಖಾಲಿ ಮಾಡಿ, ಹೆಪ್ಪುಗಟ್ಟದ ದ್ರಾವಣ ತುಂಬಿಸಿ. ಬ್ಯಾಟರಿ ಹಳೆಯದಾಗಿದ್ದರೆ ಇಲ್ಲೇ ಹೊಸದು ಹಾಕಿಸಿ, ಕಡುಚಳಿಯಲ್ಲಿ ಅದರ ಶಕ್ತಿ ಅರ್ಧಕ್ಕೆ ಕುಸಿಯುತ್ತದೆ. ಡೀಸೆಲ್ ಕಾರಿನವರು ಟ್ಯಾಂಕನ್ನು ಕೆಳಗಿನ ಊರುಗಳಲ್ಲಿ ಭರ್ತಿ ಮಾಡಿಸದೆ ಕುಲ್ಲು, ಮನಾಲಿಯ ಬಂಕ್‌ಗಳಲ್ಲಿ ತುಂಬಿಸಿ. ಚಳಿಗೆ ಡೀಸೆಲ್‌ನಲ್ಲಿರುವ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ ನಿಂತುಹೋಗುತ್ತದೆ. ಮೈನಸ್ 33 ಡಿಗ್ರಿವರೆಗೂ ಹರಿಯುವ ಡೀಸೆಲನ್ನು ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗೆಂದು ತಂದದ್ದು ಈ ಕಾರಣಕ್ಕೇ.

ಚೈನ್ ಮತ್ತು ಡಿಕ್ಕಿಯ ಭಾರ

ಹಿಮದಲ್ಲಿ ಹಿಡಿತ ಸಿಗಲೆಂದು ಟಯರಿಗೆ ಸುತ್ತಿ ಬಿಗಿಯುವ ಸ್ನೋ ಚೈನ್ ಹಾಕುವುದು ಹಿಂದಿನ ಎರಡು ಚಕ್ರಗಳಿಗೆ. ಕೊಳ್ಳುವ ಮೊದಲು ಕೈಪಿಡಿ ನೋಡಿ. ದೊಡ್ಡ ರಿಮ್ಮಿನ ಅನೇಕ ಐಷಾರಾಮಿ ಕಾರುಗಳಲ್ಲಿ ಟಯರಿಗೂ ಸಸ್ಪೆನ್ಷನ್ನಿಗೂ ನಡುವೆ ಚೈನಿಗೆ ಜಾಗವೇ ಇರುವುದಿಲ್ಲ. ಹಾಕಿದರೆ ಬ್ರೇಕ್ ಪೈಪು ಕತ್ತರಿಸೀತು. ಮನೆಯಂಗಳದಲ್ಲಿ ಕೈಗವಸು ತೊಟ್ಟು ಹಾಕಿ ತೆಗೆಯುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿ. ಮೈನಸ್ ಚಳಿಯಲ್ಲಿ ಮರಗಟ್ಟಿದ ಬೆರಳುಗಳಿಂದ ಮೊದಲ ಸಲ ಕಲಿಯುವ ಕೆಲಸ ಇದಲ್ಲ. ಹಾಕಿದ ಮೇಲೆ 100 ಮೀಟರ್ ಓಡಿಸಿ, ಇಳಿದು ಮತ್ತೆ ಬಿಗಿಮಾಡಿ. ವೇಗ 50 ಕಿ.ಮೀ. ಮೀರಬಾರದು. ಡಾಂಬರು ಕಂಡೊಡನೆ ತೆಗೆದುಬಿಡಿ.

ಹಿಂಚಕ್ರದ ಮೇಲೆ ಭಾರ ಹೆಚ್ಚಿಸಲು 25 ಕೆ.ಜಿ.ಯ ಎರಡು ಮೂರು ಮರಳಿನ ಚೀಲ ಸಾಕು. ಅವು ಹಿಂದಿನ ಸೀಟಿಗೆ ಒತ್ತಿಕೊಂಡಂತೆ, ಅಚ್ಚಿನ ಹತ್ತಿರ ಇರಬೇಕು, ಅಲ್ಲಾಡದಂತೆ ಕಟ್ಟಿರಬೇಕು. ಬಂಪರ್ ಕಡೆ ಇಟ್ಟರೆ ಜಾರಿದಾಗ ಅದೇ ಭಾರ ಬಾಲವನ್ನು ಇನ್ನಷ್ಟು ಎಳೆಯುತ್ತದೆ. ಸಿಕ್ಕಿಬಿದ್ದಾಗ ಚಕ್ರದ ಮುಂದೆ ಎರಚಲು ಆ ಮರಳೇ ಒದಗುತ್ತದೆ. ಒಂದು ಸಲಿಕೆ, ನಾಲ್ಕು ಗೋಣಿಚೀಲ, ಟಾರ್ಚು, ಕಂಬಳಿ ಇಟ್ಟುಕೊಳ್ಳಿ. ರನ್‌ಫ್ಲಾಟ್ ಟಯರ್ (ಪಂಚರ್ ಆದರೂ ಸ್ವಲ್ಪ ದೂರ ಓಡುವಂಥದ್ದು) ಇರುವ ಕಾರಿನಲ್ಲಿ ಸಾಮಾನ್ಯವಾಗಿ ಸ್ಟೆಪ್ನಿ ಇರುವುದಿಲ್ಲ. ಬದಲಿಸಿ ಹಾಕಿದ ಚಳಿಗಾಲದ ಟಯರ್ ರನ್‌ಫ್ಲಾಟ್ ಅಲ್ಲದಿದ್ದರೆ ಪಂಚರ್ ಕಿಟ್ ಕಡ್ಡಾಯ.

ಹಿಮದ ಮೇಲೆ

ಹೊರಡುವಾಗ ಸ್ಟೇರಿಂಗ್ ನೇರವಾಗಿರಲಿ. ಕಾರನ್ನು ಇಕೋ ಅಥವಾ ಕಂಫರ್ಟ್ ಮೋಡ್‌ಗೆ ಹಾಕಿ, ಸಾಧ್ಯವಿದ್ದರೆ ಎರಡನೇ ಗೇರಿನಲ್ಲಿ ಹೊರಡಿ. ಸ್ಪೋರ್ಟ್ ಮೋಡ್ ಮುಟ್ಟಲೇಬೇಡಿ. ಚಕ್ರ ಗಿರಕಿ ಹೊಡೆಯದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್ ಸದಾ ಚಾಲೂ ಇರಬೇಕು. ಆಳವಾದ ಹಿಮದಲ್ಲಿ ಸಿಕ್ಕಿಕೊಂಡಾಗ ಮಾತ್ರ ಅದು ಎಂಜಿನ್ ಬಲವನ್ನು ಪೂರ್ತಿ ಹಿಡಿದುಬಿಡುತ್ತದೆ, ಕಾರು ಮಿಸುಕುವುದಿಲ್ಲ. ಆಗ ಬಟನ್ ಒತ್ತಿ ಸಡಿಲಿಸಿ, ಡಿ ಮತ್ತು ಆರ್ ನಡುವೆ ಮೆಲ್ಲಗೆ ಹಿಂದೆ ಮುಂದೆ ಆಡಿಸಿ, ಹೊರಬಂದೊಡನೆ ಮತ್ತೆ ಚಾಲೂ ಮಾಡಿ. ಚಕ್ರವನ್ನು ಸುಮ್ಮನೆ ತಿರುಗಿಸುತ್ತಿದ್ದರೆ ಅಡಿಯ ಹಿಮ ಕರಗಿ ಗಾಜಿನಂಥ ಮಂಜುಗಡ್ಡೆಯಾಗುತ್ತದೆ.

ಏರಿನಲ್ಲಿ ಹಿಂಚಕ್ರಕ್ಕೆ ಭಾರ ಸೇರುವುದರಿಂದ ಒಂದೇ ಹದದಲ್ಲಿ ನಿಲ್ಲದೆ ಹತ್ತಿದರೆ ಕಾರು ಚೆನ್ನಾಗಿಯೇ ಹೋಗುತ್ತದೆ. ನಿಜವಾದ ಪರೀಕ್ಷೆ ಇಳಿಜಾರಿನಲ್ಲಿ. ಅಲ್ಲಿ ಭಾರವೆಲ್ಲ ಮುಂದಕ್ಕೆ ಹೋಗಿ ಹಿಂಭಾಗ ಹಗುರಾಗುತ್ತದೆ. ಆ ಹೊತ್ತಿನಲ್ಲಿ ಥಟ್ಟನೆ ಗೇರ್ ಇಳಿಸಿದರೆ ಎಂಜಿನ್ ಹಿಡಿತ ಬೀಳುವುದು ಹಗುರಾದ ಆ ಹಿಂಚಕ್ರಗಳ ಮೇಲೆ ಮಾತ್ರ, ಬಾಲ ಎದುರಿಗೇ ಬರಬಹುದು. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ, ಬ್ರೇಕನ್ನು ಮೆತ್ತಗೆ, ತಿರುವಿಗೆ ಮುಂಚೆಯೇ ಮುಗಿಸಿ. ಇದನ್ನು ಚಾಮುಂಡಿಬೆಟ್ಟದ ಇಳಿಜಾರಿನಲ್ಲಿ, ವಾಹನ ಕಡಿಮೆ ಇರುವ ಬೆಳಗಿನ ಹೊತ್ತು, ಒಣ ರಸ್ತೆಯಲ್ಲೇ ರೂಢಿಸಿಕೊಳ್ಳಬಹುದು: ಒಳಗೆ ಕೂತವರ ತಲೆ ಮುಂದಕ್ಕೆ ತೂಗದಂತೆ ಕೆಳಗೆ ಬರಬೇಕು.

ಹಿಂಭಾಗ ಜಾರಿತೆಂದರೆ ಬ್ರೇಕಿಗೆ ಕಾಲಿಡಬೇಡಿ. ಆಕ್ಸಿಲರೇಟರನ್ನು ನಯವಾಗಿ ಬಿಡಿ, ಕಣ್ಣು ಹೋಗಬೇಕಾದ ದಾರಿಯ ಕಡೆಗಿರಲಿ, ಬಾಲ ಎತ್ತ ಜಾರುತ್ತಿದೆಯೋ ಅತ್ತ ಸ್ಟೇರಿಂಗ್ ತಿರುಗಿಸಿ. ಕಾರು ನೇರವಾಗುತ್ತಿದೆ ಅನ್ನಿಸಿದ ಕ್ಷಣವೇ ಸ್ಟೇರಿಂಗನ್ನೂ ನೇರಕ್ಕೆ ತನ್ನಿ. ತಡಮಾಡಿದರೆ ಬಾಲ ಇನ್ನೊಂದು ಕಡೆಗೆ ಎರಡು ಪಟ್ಟು ಜೋರಾಗಿ ಬೀಸುತ್ತದೆ, ಬಹಳ ಜನ ರಸ್ತೆ ಬಿಟ್ಟು ಹೋಗುವುದು ಆ ಎರಡನೇ ಜಾರಿನಲ್ಲೇ. ಮುಂದಿನ ಕಾರಿಗೆ 8–10 ಸೆಕೆಂಡಿನ ಅಂತರ ಇರಲಿ. ಬೆಟ್ಟದ ನೆರಳು ಬಿದ್ದ ತಿರುವು, ಸೇತುವೆ, ಇವೆರಡರಲ್ಲಿ ಒದ್ದೆ ಡಾಂಬರಿನಂತೆ ಕಾಣುವುದು ಮಂಜುಗಡ್ಡೆ ಇರಬಹುದು. ಸೊನ್ನೆ ಡಿಗ್ರಿಯ ಆಸುಪಾಸಿನ ಒದ್ದೆ ಮಂಜುಗಡ್ಡೆ ಕಡುಚಳಿಯ ಒಣ ಮಂಜುಗಡ್ಡೆಗಿಂತ ಹೆಚ್ಚು ಜಾರುತ್ತದೆ.

ಹಿಮ ಬಿದ್ದ ದಿನ ಮನಾಲಿ ಬಳಿಯ ಸೋಲಂಗ್‌ನಿಂದ ಮುಂದೆ ಪೊಲೀಸರು ಫೋರ್ ವೀಲ್ ಡ್ರೈವ್ ಅಥವಾ ಚೈನ್ ಇರುವ ವಾಹನಗಳನ್ನು ಮಾತ್ರ ಬಿಡುವುದುಂಟು. ಚಳಿಗಾಲದ ಟಯರ್ ಸಿಗಲಿಲ್ಲವೆಂದರೆ ಕಾರನ್ನು ಮನಾಲಿಯಲ್ಲೇ ನಿಲ್ಲಿಸಿ, ಅಲ್ಲಿನ ಚಾಲಕರ ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಮುಂದೆ ಹೋಗಿ. ಸಾಮಾನ್ಯ ಟಯರಿಗೆ ಚೈನ್ ಬಿಗಿದು ಧೈರ್ಯ ಮಾಡುವುದನ್ನು ನಾವು ಒಪ್ಪುವುದಿಲ್ಲ. ಮುಂಚಕ್ರಗಳಿಗೆ ಆಗಲೂ ಹಿಡಿತ ಇರುವುದಿಲ್ಲ.

ರಾತ್ರಿ ನಿಲ್ಲಿಸುವಾಗ ವೈಪರ್‌ಗಳನ್ನು ಗಾಜಿನಿಂದ ಎತ್ತಿಡಿ. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನ ಸೈಲೆನ್ಸರ್ ಬಾಯಿಯ ಹಿಮ ತೆಗೆಯಿರಿ, ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ನುಗ್ಗಿ ಜೀವಕ್ಕೇ ಅಪಾಯ. ಮಾಡಿನ ಮೇಲಿನ ಹಿಮವನ್ನೂ ಗುಡಿಸಿ, ಇಲ್ಲದಿದ್ದರೆ ಮೊದಲ ಬ್ರೇಕಿಗೇ ಅದು ಮುಂದಿನ ಗಾಜಿನ ಮೇಲೆ ಕುಸಿಯುತ್ತದೆ. ಗಾಜಿಗೆ ಬಿಸಿನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಡಿಫ್ರಾಸ್ಟರ್ ಹಾಕಿ, ಪೂರ್ತಿ ತಿಳಿಯಾಗುವವರೆಗೆ ಕಾಯಿರಿ.